ನಕ್ಷತ್ರ ನೋಡಿಕೊಂಡು ಬನ್ನಿ

ಡಿಸೆಂಬರ್ ಬಂತೆಂದರೆ ಕೊಡಗಿನ ವಿರಾಜಪೇಟೆ ಕಡೆ ನಮಗೆ ಎರಡು ಕೆಲಸ ಒಟ್ಟಿಗೇ ಬಂದು ಬೀಳುತ್ತವೆ. ತೋಟದಲ್ಲಿ ಅರೇಬಿಕಾ ಹಣ್ಣು ಕುಯ್ಯಿಸಬೇಕು, ಗೇಟಿಗೆ ಕ್ರಿಸ್ಮಸ್ ನಕ್ಷತ್ರ ಕಟ್ಟಬೇಕು. ನಾವು ಕ್ರೈಸ್ತರಲ್ಲ, ಎರಡು ಕೋಣೆಯ ಹೋಂಸ್ಟೇ ಇಟ್ಟುಕೊಂಡವರು. ನಮ್ಮ ಸುಗ್ಗಿಹಬ್ಬ ಪುತ್ತರಿಯ ಕದಿರು ಒಳಗೆ ಇನ್ನೂ ತೂಗುತ್ತಿರುವಾಗಲೇ ಹೊರಗೆ ಪ್ಲಾಸ್ಟಿಕ್ ನಕ್ಷತ್ರ ಕೆಂಪು, ನೀಲಿ, ಹಸಿರು ಎಂದು ಮೂರು ಬಣ್ಣ ತಿರುಗಿಸುತ್ತದೆ. ಒಮ್ಮೊಮ್ಮೆ ಶಿವರಾತ್ರಿವರೆಗೂ ಇಳಿಯುವುದಿಲ್ಲ.

ನಾನು ಚಿಕ್ಕವನಿದ್ದಾಗ ನಮ್ಮ ಓಣಿಗೆ ಇದ್ದದ್ದು ಒಂದೇ ನಕ್ಷತ್ರ, ಪಕ್ಕದ ಮನೆ ಬಾಯಮ್ಮನದು. ಬಿದಿರಿನ ಸೀಳು, ಗಾಳಿಪಟದ ಕಾಗದ, ಗಂಜಿಯ ಅಂಟು, ಒಳಗೊಂದು ಮೇಣದ ಬತ್ತಿ. ಒಂದು ವರ್ಷ ಗಾಳಿಗೆ ಧಗ್ಗನೆ ಹತ್ತಿಕೊಂಡು ಉರಿದೇಹೋಯಿತು. ಹಬ್ಬದ ಕ್ರಮವೇ ಹೀಗಿರಬೇಕೆಂದು ನಾವು ಮಕ್ಕಳು ಚಪ್ಪಾಳೆ ತಟ್ಟಿದ್ದೆವು. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಬೊಂಬೆಯಿಟ್ಟು ತೋರಿಸುವ ಗೋದಲಿಗೆ ಆಕೆ ಹದಿನೈದು ದಿನ ಮೊದಲೇ ತಟ್ಟೆಯಲ್ಲಿ ಭತ್ತ ಮೊಳೆಯಿಸುತ್ತಿದ್ದರು. ಈಗ ಪೇಟೆಯಲ್ಲಿ ಹುಲ್ಲು, ಹಸು, ಬಾಲಯೇಸು ಎಲ್ಲ ಸೇರಿ ಒಂದೇ ಡಬ್ಬದಲ್ಲಿ ಸಿಗುತ್ತದೆ. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸ್ ಗೋದಲಿ ಮಾಡಿದಾಗ ನಿಜವಾದ ಎತ್ತು, ಕತ್ತೆಗಳನ್ನೇ ತಂದು ನಿಲ್ಲಿಸಿದ್ದರಂತೆ. ಸಗಣಿ ಬಳಿದವರು ಯಾರೋ!

ನಮ್ಮ ನಕ್ಷತ್ರಕ್ಕೂ ಒಂದು ಉಪಯೋಗ ಉಂಟು. ಬೆಂಗಳೂರಿನವರ ಮೊಬೈಲ್ ಮ್ಯಾಪ್ ಅವರನ್ನು ಯಾರದೋ ಕಾಫಿ ಕಣಕ್ಕೆ ಒಯ್ದು ನಿಲ್ಲಿಸುತ್ತದೆ. "ನಕ್ಷತ್ರ ನೋಡಿಕೊಂಡು ಬನ್ನಿ" ಎನ್ನುತ್ತೇನೆ. ಬಾಲಯೇಸುವನ್ನು ಹುಡುಕಿ ಬಂದ ಮೂಡಣ ದೇಶದ ಜೋಯಿಸರಿಗೆ ಅಷ್ಟು ಸಾಕಾಗಿತ್ತು. ಇವರು ಕೇಳುತ್ತಾರೆ, "ಯಾವ ನಕ್ಷತ್ರ ಸಾರ್? ಇಲ್ಲಿ ಗೇಟಿಗೊಂದು ಇದೆಯಲ್ಲ!"

ನಾನೇನು ದೂರುವವನಲ್ಲ. ಕ್ರಿಸ್ಮಸ್ಸಿನ ಒಂದು ವಾರದ ಬಾಡಿಗೆಯಲ್ಲೇ ನಮ್ಮ ಹೆಂಚು ಬದಲಾಗಿದೆ. ಆದರೂ ಪೇಟೆಯಲ್ಲಿ ಸಂತ ಅನ್ನಮ್ಮನವರ ಚರ್ಚಿನ ಗೋಪುರ ಕಂಡಾಗ ಸ್ವಲ್ಪ ಕಸಿವಿಸಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಇಲ್ಲಿ ನೆಲೆ ಕೊಟ್ಟ. 1792ರಲ್ಲಿ ಚರ್ಚೂ ಆಯಿತು. ಅವನು ಸೀಸನ್ ರೇಟು ಹಾಕಲಿಲ್ಲ.

ಹೋದ ವರ್ಷ ಡಿಸೆಂಬರ್ 24ರ ಸಂಜೆ ಬಾಯಮ್ಮ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ತಟ್ಟೆ ಹಿಡಿದು ಬಂದರು. ನೆವ್ರಿ, ಕಿಡಿಯೊ, ಮೇಲೊಂದು ಅಂಗಡಿಯ ಪ್ಲಮ್ ಕೇಕು. "ಕೈ ನೋಯುತ್ತದೆ ಮಗಾ, ಕೇಕು ಈಗ ಪೇಟೆಯದೇ." ಅಷ್ಟರಲ್ಲಿ ಫೋನ್. "ಇಲ್ಲ ಸಾರ್, ಜಾಗ ಇಲ್ಲ. ಎಲ್ಲ ಭರ್ತಿ."

ಫೋನ್ ಇಟ್ಟು ನೋಡುತ್ತೇನೆ, ಬಾಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಾರೆ.

"ಏನಾಯ್ತು ಬಾಯಮ್ಮ?"

"ಏನಿಲ್ಲ. ಗೋದಲಿಯಲ್ಲಿ ಕುರುಬರಿಗೆ ಬೊಂಬೆ ಉಂಟು, ಕತ್ತೆಗೂ ಉಂಟು. ಯೇಸುವಿನ ತಾಯಿಗೆ ಜಾಗ ಇಲ್ಲ ಅಂದ ಛತ್ರದವನಿಗೆ ಮಾತ್ರ ಇಲ್ಲ. ಬರುವ ವರ್ಷ ಒಂದು ಮಾಡಿಸ್ತೇನೆ, ಕೈಯಲ್ಲಿ ಮೊಬೈಲ್ ಕೊಟ್ಟು."