ಹೆಸರು ಅಳಿಸಿದವರು ಯಾರೋ, ಹಕ್ಕು ಕಳೆದುಕೊಳ್ಳುವವರು ಕಲಾವಿದರು

‘ಅನಾಥ ಕೃತಿ’ಗಳ ಕಾನೂನನ್ನು ಅಮೆರಿಕದ ಕಲಾವಿದರು ಯಾಕೆ ಅಷ್ಟು ಹಟ ಹಿಡಿದು ವಿರೋಧಿಸಿದರು ಅಂತ ಕೇಳುವವರು ಇನ್ನೂ ಇದ್ದಾರೆ. ಕಾಪಿರೈಟ್ (ಕೃತಿಸ್ವಾಮ್ಯ) ಹಕ್ಕುದಾರರು ಯಾರೆಂದೇ ಗೊತ್ತಿಲ್ಲದ ಇಂಥ ಹಳೇ ಪುಸ್ತಕ, ಫೋಟೋಗಳು ಗ್ರಂಥಾಲಯದ ಕಪಾಟಿನಲ್ಲಿ ಕೊಳೆಯುವ ಬದಲು ಜನರ ಕೈಗೆ ಸಿಕ್ಕರೆ ತಪ್ಪೇನು? ಖಂಡಿತ ತಪ್ಪಿಲ್ಲ. ಆದರೆ 2006ರಲ್ಲಿ ಬಂದು, 2008ರಲ್ಲಿ ಮತ್ತೆ ಬಂದ ಮಸೂದೆ ಬರೀ ಗ್ರಂಥಾಲಯಗಳಿಗಾಗಿ ಇರಲಿಲ್ಲ. ಲಾಭಕ್ಕೆ ಬಳಸುವವರಿಗೂ ಅದು ಬಾಗಿಲು ತೆರೆದಿತ್ತು.

ಅದರಲ್ಲಿದ್ದದ್ದು ಇಷ್ಟು: ಹಕ್ಕುದಾರರನ್ನು ಶ್ರದ್ಧೆಯಿಂದ ಹುಡುಕಿ, ಸಿಗದಿದ್ದರೆ ಬಳಸಿಕೊಳ್ಳಿ. ಮುಂದೆ ಅವರು ಬಂದು ಕೇಳಿದರೆ ‘ಸೂಕ್ತ ಸಂಭಾವನೆ’ ಕೊಡಿ, ಸಾಕು. ನೋಂದಾಯಿಸಿದ ಕೃತಿಯನ್ನು ಬೇಕೆಂದೇ ಕದ್ದರೆ 1,50,000 ಡಾಲರ್‌ವರೆಗೆ ಪರಿಹಾರ ಕೊಡಿಸಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿದೆ. ವಕೀಲರ ಶುಲ್ಕವನ್ನೂ ಕೊಡಿಸಬಹುದು. ಅನಾಥ ಕೃತಿ ಎಂದಾದರೆ ಇವೆರಡೂ ಇಲ್ಲ. ಕೆಲವು ನೂರು ಡಾಲರ್ ಸಂಭಾವನೆಗಾಗಿ ಯಾವ ಚಿತ್ರಕಾರ ಕೈಯಿಂದ ದುಡ್ಡು ಹಾಕಿ ಫೆಡರಲ್ ಕೋರ್ಟಿಗೆ ಹೋಗುತ್ತಾನೆ? ಇದನ್ನು ಹಕ್ಕು ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಪುಸ್ತಕಕ್ಕೆ ಶೀರ್ಷಿಕೆ ಪುಟವಿರುತ್ತದೆ, ಅಲ್ಲಿ ಲೇಖಕರ ಹೆಸರಿರುತ್ತದೆ. ಚಿತ್ರಕ್ಕೆ ಅಂಥದ್ದೇನಿದೆ? ಮೂಲೆಯಲ್ಲೊಂದು ಸಹಿ, ಫೈಲಿನೊಳಗೆ ಒಂದಿಷ್ಟು ಮಾಹಿತಿ. ಯಾರೋ ಸಹಿ ಇದ್ದ ಮೂಲೆಯನ್ನೇ ಕತ್ತರಿಸಿ ಹಂಚುತ್ತಾರೆ. ಅಪ್‌ಲೋಡ್ ಮಾಡುವಾಗ ಎಷ್ಟೋ ಜಾಲತಾಣಗಳು ಒಳಗಿನ ಮಾಹಿತಿಯನ್ನೂ ಕಿತ್ತುಹಾಕುತ್ತವೆ. ಹೀಗೆ, ಬರೆದವರು ಬದುಕಿದ್ದು ಇನ್ನೂ ಕೆಲಸ ಮಾಡುತ್ತಿರುವಾಗಲೇ, ನಿನ್ನೆ ಬರೆದ ಚಿತ್ರ ಇವತ್ತು ‘ಅನಾಥ’ವಾಗಬಹುದು. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದೇ.

ಇದಕ್ಕೆ ಪರಿಹಾರವೆಂದು ತೋರಿಸಿದ್ದು ಕಲಾವಿದರು ತಮ್ಮ ಚಿತ್ರಗಳನ್ನು ದಾಖಲಿಸಿಡುವ ಡೇಟಾಬೇಸ್‌ಗಳನ್ನು. ಒಬ್ಬ ಚಿತ್ರಕಾರ ಜೀವಮಾನದಲ್ಲಿ ಸಾವಿರಾರು ಚಿತ್ರ, ಸ್ಕೆಚ್ ಬರೆದಿರುತ್ತಾನೆ. ಫೋಟೋಗ್ರಾಫರ್ ತೆಗೆದ ಚಿತ್ರಗಳಿಗಂತೂ ಲೆಕ್ಕವೇ ಇಲ್ಲ. ಎಲ್ಲವನ್ನೂ ಸ್ಕ್ಯಾನ್ ಮಾಡಿ, ವಿವರ ತುಂಬಿ, ಶುಲ್ಕ ಕಟ್ಟುತ್ತಾ ಕೂತರೆ ಕೆಲಸ ಮಾಡುವುದು ಯಾವಾಗ? ಕಾಪಿರೈಟ್ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ ಪ್ರಕಾರ ನೋಂದಣಿಯಿಲ್ಲದೆಯೇ ಹಕ್ಕು ಸಿಗಬೇಕು. ಅಮೆರಿಕ 1989ರಲ್ಲೇ ಅದನ್ನು ಸೇರಿದೆ. ಹಾಗಿದ್ದೂ ನೋಂದಣಿಯ ಹೊರೆಯನ್ನು ಹಿತ್ತಿಲ ಬಾಗಿಲಿನಿಂದ ಒಳಗೆ ತರಲು ಹೊರಟರು.

2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೆನೆಟ್ ಈ ಮಸೂದೆಗೆ ಒಪ್ಪಿಗೆ ಕೊಟ್ಟೂಬಿಟ್ಟಿತ್ತು. ಕೆಳಮನೆಯಲ್ಲಿ ಪಾಸಾಗದೆ ಬಿದ್ದುಹೋಯಿತು. ಬ್ರಿಟನ್ನಿನಲ್ಲೂ ಫೋಟೋಗ್ರಾಫರ್‌ಗಳ ಗಲಾಟೆಗೆ 2010ರಲ್ಲಿ ಇಂಥದ್ದೇ ಒಂದು ಕಲಮನ್ನು ಕೈಬಿಟ್ಟರು. ಆದರೂ 2013ರಲ್ಲಿ ಬೇರೆ ಕಾನೂನಿನ ಮೂಲಕ ಅದನ್ನು ವಾಪಸ್ ತಂದರು. ಇದು ಒಮ್ಮೆ ಗೆದ್ದು ಮನೆಗೆ ಹೋಗುವ ಜಗಳವಲ್ಲ.

ಬೇರೆ ದಾರಿ ಇಲ್ಲವೆಂದಲ್ಲ. ಯುರೋಪಿಯನ್ ಒಕ್ಕೂಟದ 2012ರ ನಿರ್ದೇಶನ (ಸದಸ್ಯ ದೇಶಗಳು ಪಾಲಿಸಬೇಕಾದ ನಿಯಮ) ಗ್ರಂಥಾಲಯ, ವಸ್ತುಸಂಗ್ರಹಾಲಯದಂಥ ಸಂಸ್ಥೆಗಳಿಗೆ, ಅದೂ ಸಾರ್ವಜನಿಕ ಉದ್ದೇಶಕ್ಕೆ ಮಾತ್ರ ಅನುಮತಿ ಕೊಟ್ಟಿತು. ಬಿಡಿ ಫೋಟೋ, ಚಿತ್ರಗಳನ್ನು ಹೊರಗಿಟ್ಟಿತು. ಬ್ರಿಟನ್ನಿನಲ್ಲಿ 2014ರಿಂದ, ಬಳಸುವವರು ಮೊದಲೇ ಲೈಸೆನ್ಸ್ ಶುಲ್ಕ ಕಟ್ಟಬೇಕು. ಹಕ್ಕುದಾರರು ಬಂದರೆ ಕೊಡಲು ಆ ಹಣವನ್ನು ತೆಗೆದಿಡುತ್ತಾರೆ. ಅದೂ ಪೂರ್ತಿ ಸರಿಯೆಂದು ನಾನು ಹೇಳುವುದಿಲ್ಲ, ಆದರೆ ದುಡ್ಡು ಮೊದಲು, ಬಳಕೆ ಆಮೇಲೆ ಅನ್ನುವ ಕ್ರಮವಾದರೂ ಅಲ್ಲಿದೆ. ಮತ್ತೊಂದು ಮಸೂದೆ ಬಂದರೆ ಕಲಾವಿದರು ಕನಿಷ್ಠ ಇಷ್ಟನ್ನಾದರೂ ಕೇಳಬೇಕು. ಜೊತೆಗೆ, ಹುಡುಕಿದೆ ಅನ್ನುವವರು ಎಲ್ಲೆಲ್ಲಿ ಹುಡುಕಿದರು ಅನ್ನುವುದನ್ನು ಬಳಸುವ ಮುಂಚೆಯೇ ಎಲ್ಲರಿಗೂ ಕಾಣುವಂತೆ ದಾಖಲಿಸಬೇಕು.