ಸ್ಟಿಯರಿಂಗ್ ಮೇಲೊಂದು ಆಫೀಸು

ಕಾರು ಓಡಿಸುತ್ತಾ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಗಳ ವಿಡಿಯೊ ನೀವೂ ನೋಡಿರುತ್ತೀರಿ. 2025ರ ಫೆಬ್ರವರಿಯದು. ಬೆಂಗಳೂರು ಉತ್ತರ ವಿಭಾಗದ ಸಂಚಾರ ಪೊಲೀಸರು 1,000 ರೂಪಾಯಿ ದಂಡ ಹಾಕಿದರು. ನನ್ನನ್ನು ಕೇಳಿದ್ದರೆ ರಾಜ್ಯೋತ್ಸವ ಪ್ರಶಸ್ತಿ ಕೊಡಿ ಅನ್ನುತ್ತಿದ್ದೆ. ಒಂದು ನಿಮಿಷವೂ ಹಾಳು ಮಾಡಬೇಡಿ ಅಂತ ದೊಡ್ಡವರು ಭಾಷಣ ಬಿಗಿಯುತ್ತಲೇ ಇದ್ದಾರೆ. ಚಾಚೂ ತಪ್ಪದೆ ಪಾಲಿಸಿದ್ದು ಈಕೆ ಒಬ್ಬರೇ. ಒಂದು ಕಣ್ಣು ಸ್ಕ್ರೀನ್ ಮೇಲೆ, ಇನ್ನೊಂದು ಮುಂದಿನ ಬಿಎಂಟಿಸಿ ಬಸ್ಸಿನ ಮೇಲೆ.

ಮನೆಯಿಂದ ಕೆಲಸ ಮಾಡಿ, ಕಾರು ಓಡಿಸುತ್ತಾ ಬೇಡ ಅಂತ ಪೊಲೀಸರು ಬುದ್ಧಿಯನ್ನೂ ಹೇಳಿದರು. ಒಳ್ಳೆ ಮಾತು. ವಾರಕ್ಕಿಷ್ಟು ದಿನ ಆಫೀಸಿಗೆ ಬರಲೇಬೇಕು ಅಂತ ಮೇಲ್ ಕಳಿಸುವ ಎಚ್‌ಆರ್‌ನವರಿಗೂ ಒಂದು ಸಲ ಹೇಳಿ ಸ್ವಾಮಿ.

ಗಮನ ಬೇರೆ ಕಡೆ ಹೋಗದಿರಲು ಟೊಮೆಟೊ ಗಡಿಯಾರ ಇಟ್ಟುಕೊಳ್ಳಿ ಅನ್ನುವುದು ಈಗಿನ ಉಪದೇಶ. ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬ ಇಟಲಿಯ ಹುಡುಗ 1980ರ ದಶಕದಲ್ಲಿ ಓದಲು ಕೂತಾಗ, ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ತಿರುಗಿಸಿಟ್ಟನಂತೆ. 25 ನಿಮಿಷ ಕೆಲಸ, 5 ನಿಮಿಷ ವಿರಾಮ. ಅಷ್ಟೇ. ಅದನ್ನು ಕಲಿಸಲು ಈಗ ಕೋರ್ಸ್ ಇದೆ, ಆ್ಯಪ್ ಇದೆ, ಆ್ಯಪ್ ಇದ್ದ ಮೇಲೆ ನೋಟಿಫಿಕೇಶನ್ನೂ ಇದೆ. ಟೊಮೆಟೊ ವಿಷಯದಲ್ಲಿ ಇಟಲಿಯವರಿಂದ ಪಾಠ ಬೇಕಾ ನಮಗೆ? 2023ರ ಜುಲೈಯಲ್ಲಿ ಬೆಲೆ ಕೆಜಿಗೆ ನೂರು ದಾಟಿದಾಗ ನಮ್ಮ ರೈತರು ಕಳ್ಳರ ಕಾಟಕ್ಕೆ ರಾತ್ರಿಯಿಡೀ ಹೊಲ ಕಾದರು. ಏಕಾಗ್ರತೆ ಅಂದ್ರೆ ಅದು. ಮಧ್ಯೆ ಯಾರೂ ‘ಒಂದು ಕ್ವಿಕ್ ಕಾಲ್ ಮಾಡ್ಲಾ?’ ಅಂತ ಕೇಳಲಿಲ್ಲ.

ಈ ಕ್ವಿಕ್ ಕಾಲ್ ಮುಕ್ಕಾಲು ಗಂಟೆಗೆ ಮುಂಚೆ ಮುಗಿದಿದ್ದನ್ನು ಕಂಡವರಿಲ್ಲ. ಅಷ್ಟರಲ್ಲಿ ಆಫೀಸಿನ ಟೀಮ್ಸ್ ಆ್ಯಪ್ ನಾಲ್ಕು ಸಲ ಟಿಂಗ್ ಅನ್ನುತ್ತದೆ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮ್ಯಾನೇಜರ್ ಹೆಬ್ಬೆರಳೆತ್ತುತ್ತಾರೆ, ಅದಕ್ಕೆ ಹದಿನೆಂಟು ಜನ ಕೈಮುಗಿಯುತ್ತಾರೆ. ಕೆಲಸ ಯಾಕೆ ಮುಗಿದಿಲ್ಲ ಅಂತ ಚರ್ಚಿಸಲು ಸಂಜೆ ಇನ್ನೊಂದು ಮೀಟಿಂಗ್. ಹೀಗೆಲ್ಲ ಆದ ಮೇಲೆ ಶನಿವಾರ ಬೆಳಗ್ಗೆ ಟೈಮ್ ಮ್ಯಾನೇಜ್‌ಮೆಂಟ್ ಕಾರ್ಯಾಗಾರ, ಹಾಜರಿ ಕಡ್ಡಾಯ. ನಮ್ಮ ದಿನವನ್ನು ಚಿಂದಿ ಮಾಡಿದವರೇ ಬಂದು ಸೂಜಿದಾರ ಹಂಚುತ್ತಾರೆ.

ದಂಡ ಹಾಕಿದ್ದು ಸರಿಯೇ, ಅದರಲ್ಲಿ ಎರಡು ಮಾತಿಲ್ಲ. ಯಾರಿಗಾದರೂ ಗುದ್ದಿದ್ದರೆ? ಆದರೆ ರಸ್ತೆಯಲ್ಲಿದ್ದಾರೆ ಅಂತ ಗೊತ್ತಿದ್ದೂ ‘ಜಾಯಿನ್ ಆಗಿ’ ಅಂತ ಲಿಂಕ್ ಕಳಿಸುವವರಿಗೆ ಯಾವ ಕಾನೂನಿನಲ್ಲೂ ದಂಡ ಇಲ್ಲ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು 34 ನಿಮಿಷ ಬೇಕು. ಆ ಹೊತ್ತಿಗೆ ಸಂಬಳ ಇಲ್ಲ. ವಾರಕ್ಕಿಷ್ಟು ದುಡಿಯಿರಿ ಅಂದ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರ 70 ಗಂಟೆಯಲ್ಲೂ ಅದಕ್ಕೆ ಜಾಗ ಇಲ್ಲ, ಎಲ್ ಆ್ಯಂಡ್ ಟಿಯ ಸುಬ್ರಹ್ಮಣ್ಯನ್ ಅವರ 90 ಗಂಟೆಯಲ್ಲೂ ಇಲ್ಲ. ಭಾನುವಾರ ಮನೆಯಲ್ಲಿ ಕೂತು ಎಷ್ಟು ಹೊತ್ತು ಅಂತ ಹೆಂಡತಿ ಮುಖ ನೋಡ್ತೀರಿ ಅಂತ ಕೇಳಿದರಲ್ಲ, ಅವರೇ. ನೋಡ್ತೀವಿ ಸ್ವಾಮಿ, ಸುಮ್ನೆ ನೋಡ್ತೀವಿ. ನಿಮಗೇನು ಕಷ್ಟ? ವಾರವಿಡೀ ಆ ಮುಖ ನೋಡಿರುವುದಿಲ್ಲ.

2024ರ ಜುಲೈಯಲ್ಲಿ ನಮ್ಮ ಸರ್ಕಾರದ ಮುಂದೆ ಬಂದ ಪ್ರಸ್ತಾವ ಇನ್ನೂ ಚೆಂದ. ಐಟಿಯವರ ಕೆಲಸದ ದಿನ 14 ಗಂಟೆವರೆಗೆ ಹಿಗ್ಗಬಹುದು ಅನ್ನುತ್ತಿತ್ತು ಅದು. 14 ಗಂಟೆ ಕೆಲಸ, 2 ಗಂಟೆ ಟ್ರಾಫಿಕ್, 6 ಗಂಟೆ ನಿದ್ದೆ. ಉಳಿಯುವ ಎರಡು ಗಂಟೆಯಲ್ಲಿ ಸ್ನಾನ, ಊಟ, ಮಗುವಿನ ಹೋಮ್‌ವರ್ಕ್, ಮತ್ತೆ ಸಮಯ ಉಳಿಸುವುದು ಹೇಗೆ ಎಂಬ ವಿಡಿಯೊ. ಅದನ್ನು ಡಬಲ್ ಸ್ಪೀಡ್‌ನಲ್ಲಿ ನೋಡಿದರೆ ಅಪ್ಪ ಅಮ್ಮನಿಗೆ ಫೋನ್ ಮಾಡಲೂ ಪುರುಸೊತ್ತು ಸಿಗುತ್ತದೆ, ಅವರು ಬೇಗ ಮಾತು ಮುಗಿಸಿದರೆ.