ಕಾಕಾ ಮತ್ತು ಉತ್ತರ ಧ್ರುವ

ತಂಗಿಯ ಮಗಳು ಅಮೆರಿಕದಿಂದ ಬರುವುದು ನನಗೆ ಸಂತೋಷದ ಸಂಗತಿಯೇ. ಅವಳ ದಾರಿಯನ್ನು ಎದುರುಮನೆಯ ಕಾಕಾ ಕಾಯುವುದು ಮಾತ್ರ ನನ್ನ ಜೀವ ತಿನ್ನುತ್ತದೆ. ವಿಮಾನ ಎಲ್ಲಿ ಹಾರುತ್ತಿದೆ ಎಂದು ತೋರಿಸುವ ಆ್ಯಪನ್ನು ಯಾವ ಪುಣ್ಯಾತ್ಮ ಅವರ ಮೊಬೈಲಿಗೆ ಹಾಕಿಕೊಟ್ಟನೋ, ಮೊನ್ನೆ ನನ್ನ ನಿದ್ದೆಗೆ ಸಂಚಕಾರ ಬಂತು.

ಸ್ಯಾನ್ ಫ್ರಾನ್ಸಿಸ್ಕೊದಿಂದ ದುಬೈಗೆ ಸುಮಾರು 13,000 ಕಿಲೋಮೀಟರ್, ಹೆಚ್ಚು ಕಡಿಮೆ 16 ತಾಸು. ಅಲ್ಲಿಂದ ಹೈದರಾಬಾದಿಗೆ ನಾಲ್ಕು ತಾಸೂ ಬೇಡ. ಬೆಳಗಿನ ಜಾವ ಕಾಕಾ ಬಾಗಿಲು ಬಡಿದರು. "ತಮ್ಮಾ, ಪೈಲಟ್ ದಾರಿ ತಪ್ಪಿದ್ದಾನೆ. ದುಬೈ ಪೂರ್ವಕ್ಕಿದ್ದರೆ ಇವನು ಉತ್ತರಕ್ಕೆ, ಕೆನಡಾದ ಕಡೆಗೆ ಹೊರಟಿದ್ದಾನೆ!"

ಅವರ ಪ್ರಕಾರ ಇದು ನಮ್ಮ ಕಲಬುರಗಿ ಸ್ಟೇಷನ್ನಿನಿಂದ ಸೂಪರ್ ಮಾರ್ಕೆಟಿಗೆ ರಿಂಗ್ ರಸ್ತೆ ಹಿಡಿಯುವ ಆಟೋದವನ ಕೆಲಸ. ಒಂದು ಕಾಲಕ್ಕೆ ಟೇಲರ್ ಆಗಿದ್ದವರು. ಕೊರಳಿನ ಟೇಪು ಇನ್ನೂ ಇಳಿದಿಲ್ಲ. ಮೊಮ್ಮಗನ ಗೋಡೆ ನಕ್ಷೆಯ ಮೇಲೆ ಅದನ್ನು ಅಡ್ಡಕ್ಕೆ ಎಳೆದು, ಅಟ್ಲಾಂಟಿಕ್ ದಾಟಿಸಿ, ದುಬೈಗೆ ಹೆಬ್ಬೆರಳು ಒತ್ತಿ, "ನೇರ ದಾರಿ ಇದು" ಎಂದರು. ಎರಡೂ ಊರುಗಳು ಭೂಮಿಯ ಎದುರುಬದುರು ಮಗ್ಗುಲಲ್ಲಿವೆ, ಧ್ರುವದ ನೆತ್ತಿಯ ಹತ್ತಿರದಿಂದ ಹಾದರೇ ಹತ್ತಿರ, ನಕ್ಷೆಯ ನೇರ ಗೆರೆ ಹಿಡಿದರೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ಸುತ್ತು ಎಂದೆ. ನಂಬಲಿಲ್ಲ. ಮೊಮ್ಮಗನ ಫುಟ್ಬಾಲ್ ತಂದು ಎರಡು ಚುಕ್ಕೆ ಇಟ್ಟೆ. ಕಾಕಾ ಕನ್ನಡಕ ಏರಿಸಿ, ಟೇಪನ್ನು ಮೇಲಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ಹಿಡಿದರು. ಮೇಲಿನದು ಎರಡು ಇಂಚು ಕಡಿಮೆ ಬಂತು. ಅಂಗಿಯ ತೋಳಿನ ಅಳತೆ ತಪ್ಪಿದವರಂತೆ ಮತ್ತೊಮ್ಮೆ ಹಿಡಿದರು. ಆಮೇಲೆ ಟೇಪು ಸುತ್ತುತ್ತಾ ತೀರ್ಪು ಕೊಟ್ಟರು: "ಚೆಂಡಿನ ಮಾತು ಬೇರೆ, ಭೂಮಿಯ ಮಾತು ಬೇರೆ."

ಅವರ ಮಗ ಪುಣೆಯಲ್ಲಿದ್ದಾನೆ. ರೈಲು ಹತ್ತಿದರೆ ಆರೇಳು ತಾಸು. ಅವನು ಬರದೆ ಎರಡು ದೀಪಾವಳಿ ಕಳೆದವು. ಆ ದಾರಿಗೆ ಕಾಕಾ ಟೇಪು ಹಿಡಿದದ್ದನ್ನು ನಾನು ಕಂಡಿಲ್ಲ, ಕೇಳುವ ಧೈರ್ಯವೂ ನನಗಿಲ್ಲ.

ನಮ್ಮೂರಿಗೂ 2019ರಲ್ಲಿ ವಿಮಾನ ನಿಲ್ದಾಣ ಬಂದಿದೆ, ಮೂರು ಕಿಲೋಮೀಟರ್ ಮೀರಿದ ರನ್‌ವೇ ಇದೆ. ಆದರೂ ದುಬೈಯಿಂದ ಬರುವವರು ಹೈದರಾಬಾದಿನ ವಿಮಾನ ನಿಲ್ದಾಣವಿರುವ ಶಂಷಾಬಾದಿನಲ್ಲೇ ಇಳಿಯಬೇಕು. ಅಲ್ಲಿಂದ ಕಲಬುರಗಿಗೆ ಇನ್ನೂರು ಚಿಲ್ಲರೆ ಕಿಲೋಮೀಟರ್. ದುಬೈಯಿಂದ ಹೈದರಾಬಾದಿಗೆ ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಹುಡುಗಿ ಈ ದಾರಿಯಲ್ಲಿ ಕಳೆದಳು. ಸೇಡಂ ದಾಟಿದ ಮೇಲೆ ಸಿಮೆಂಟ್ ಲಾರಿಗಳ ಸಾಲು; ರಾಷ್ಟ್ರಕೂಟರ ರಾಜಧಾನಿ ಮಳಖೇಡದಲ್ಲಿ ಕಾರು ನಿಂತೇಬಿಟ್ಟಿತು. ಇತ್ತ ಮಾಡಿಟ್ಟ ಜೋಳದ ರೊಟ್ಟಿ ಕಟಿಯಾಗುತ್ತಿತ್ತು, ನನ್ನ ಫೋನು ಬಿಸಿಯಾಗುತ್ತಿತ್ತು. ಪ್ರತಿ ಸಲವೂ ಕಾಕಾನೇ.

"ಈ ಆ್ಯಪಿನಲ್ಲಿ ಕಾರು ಏಕೆ ಕಾಣಿಸುತ್ತಿಲ್ಲ, ತಮ್ಮಾ?"